ನವನಗರದಲ್ಲಿ ಇಟಲಿಯ ರಾಜ್ಯಘಟನೆ

ಧಾರವಾಡದ ಹಳೆಯ ತಲೆಮಾರಿನ ವಕೀಲರ ಬಾಯಲ್ಲಿ ಸಂವಿಧಾನಕ್ಕೆ ‘ರಾಜ್ಯಘಟನೆ’ ಎಂಬ ಹೆಸರೇ ರೂಢಿಯಲ್ಲಿದ್ದಿತು. ಮುಂಬಯಿ ಪ್ರಾಂತದ ದಿನಗಳಲ್ಲಿ ಮರಾಠಿಯ ನೆರೆಯಿಂದ ನಮಗೆ ಬಂದ ಶಬ್ದವದು, ಮೈಸೂರಿನ ಕಡೆಯವರು ಅದೇ ಅರ್ಥದಲ್ಲಿ ‘ರಾಜ್ಯಾಂಗ’ವೆಂದರು, ಕೊನೆಗೆ ಎರಡನ್ನೂ ಹಿಂದಿಕ್ಕಿ ‘ಸಂವಿಧಾನ’ವು ಎಲ್ಲರ ನಾಲಗೆಯ ಮೇಲೆ ನೆಲೆಗೊಂಡಿತು. ಈಗಿನ ವಿದ್ಯಾರ್ಥಿಗಳ ಕಿವಿಗೆ ‘ಘಟನೆ’ಯೆಂದರೆ ಎಲ್ಲಿಯೋ ನಡೆದುಹೋದ ಒಂದು ಸಂಗತಿ ಮಾತ್ರ, ಆದರೆ ಬಿಡಿಬಿಡಿಯಾದ ಭಾಗಗಳನ್ನು ಕೂಡಿಸಿ ಒಂದಾಗಿ ನಿಲ್ಲಿಸುವುದು ಎಂಬ ಅದರ ಮೂಲಾರ್ಥವನ್ನು ನೆನೆದಾಗಲೆಲ್ಲ, ಈ ಶಬ್ದವನ್ನು ಕೈಬಿಟ್ಟದ್ದು ನಷ್ಟವೇ ಸರಿ ಎಂದು ನನಗೆ ಅನ್ನಿಸುವುದುಂಟು. ಈ ಲೇಖನದ ಮಟ್ಟಿಗಾದರೂ ಆ ಹಳೆಯ ಶಬ್ದವನ್ನು ಅಲ್ಲಲ್ಲಿ ಬಳಸುವ ಸ್ವಾತಂತ್ರ್ಯವನ್ನು ವಾಚಕರು ನನಗೆ ಕೊಡಬೇಕು.

ಹುಬ್ಬಳ್ಳಿಯ ನವನಗರದಲ್ಲಿರುವ ಕಾನೂನು ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ, ನಮ್ಮ ಬಂಧುವರ್ಗದ ಹುಡುಗಿಯೊಬ್ಬಳು ಕಳೆದ ಮಳೆಗಾಲದಲ್ಲಿ ನಮ್ಮ ಮನೆಗೆ ಬಂದಿದ್ದಳು. ತೌಲನಿಕ ಸಂವಿಧಾನ ಶಾಸ್ತ್ರದ ಅಂಗವಾಗಿ ಇಟಲಿಯ ಸಂವಿಧಾನವನ್ನು ಕುರಿತು ಪ್ರಬಂಧವೊಂದನ್ನು ಮಂಡಿಸುವ ಸರದಿ ಅವಳ ಪಾಲಿಗೆ ಬಂದಿತ್ತು. ಮುಖದಲ್ಲಿ ಉತ್ಸಾಹವೇನೂ ಇರಲಿಲ್ಲ. “ಕಾಕಾ, ನಾಳೆ ನಾ ಬೈಲಹೊಂಗಲ ಕೋರ್ಟಿನ್ಯಾಗ ನಿಂದ್ರಾಕಿ. ಇಟಲಿ ಘಟನಾ ಓದಿದ್ರ ಅಲ್ಲೆ ಯಾವ ಕಕ್ಷಿದಾರ ರೊಕ್ಕ ಕೊಡ್ತಾನ?” ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಅಂದು ಚಹಾ ಆರುವಷ್ಟರಲ್ಲಿ ನಾನು ಕೊಟ್ಟ ಉತ್ತರವು ಅವಳಿಗಾಗಲಿ ನನಗಾಗಲಿ ಸಮಾಧಾನವನ್ನು ತರಲಿಲ್ಲವಾದ್ದರಿಂದ, ಅದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಪರದೇಶದ ಸಂವಿಧಾನಗಳೆಂದರೆ ನಮ್ಮ ತರಗತಿಗಳಲ್ಲಿ ವಾಡಿಕೆಯಾಗಿ ಇಂಗ್ಲೆಂಡು, ಅಮೆರಿಕ, ಮಿಗಿಲೆಂದರೆ ಕೆನಡಾ ಮತ್ತು ಆಸ್ಟ್ರೇಲಿಯಗಳು. ಭಾಷೆ ತಿಳಿಯುವುದೆಂಬ ಸೌಕರ್ಯದಿಂದ ಹುಟ್ಟಿದ ವಾಡಿಕೆಯದು. ಆದರೆ ಕಾಲದ ಲೆಕ್ಕದಲ್ಲಿ ನಮ್ಮ ರಾಜ್ಯಘಟನೆಗೆ ಒಡಹುಟ್ಟಿನಂತಿರುವುದು ಇಟಲಿಯದು. 1946ರ ಜೂನ್ 2ರಂದು ಇಟಲಿಯ ಜನರು ಒಂದೇ ದಿನ ಎರಡು ಮತಗಳನ್ನು ಕೊಟ್ಟರು: ಅರಸೊತ್ತಿಗೆ ಇರಬೇಕೋ ಗಣರಾಜ್ಯವಾಗಬೇಕೋ ಎಂಬುದಕ್ಕೊಂದು, ಸಂವಿಧಾನ ಸಭೆಯ ಸದಸ್ಯರ ಆಯ್ಕೆಗೊಂದು. ಗಣರಾಜ್ಯಕ್ಕೆ 1 ಕೋಟಿ 27 ಲಕ್ಷ, ಅರಸೊತ್ತಿಗೆಗೆ 1 ಕೋಟಿ 7 ಲಕ್ಷ ಮತಗಳು ಬಿದ್ದವು. ಆಯ್ಕೆಗೊಂಡ 556 ಸದಸ್ಯರಲ್ಲಿ 21 ಜನ ಸ್ತ್ರೀಯರಿದ್ದರು. ನಮ್ಮ ಸಂವಿಧಾನ ಸಭೆಯು ಅದೇ ವರ್ಷದ ಡಿಸೆಂಬರ್ 9ರಂದು ಮೊದಲ ಬಾರಿಗೆ ಸೇರಿತು. ಅವರ ಸಭೆಯು 1947ರ ಡಿಸೆಂಬರ್ 22ರಂದು 453 ಮತಗಳಿಂದ, 62ರ ವಿರೋಧದೊಡನೆ, 139 ವಿಧಿಗಳ ಗ್ರಂಥವನ್ನು ಅಂಗೀಕರಿಸಿ, 1948ರ ಜನವರಿ 1ರಂದು ಅದನ್ನು ಜಾರಿಗೆ ತಂದಿತು. ನಾವು 395 ವಿಧಿಗಳನ್ನು ಬರೆದೆವು; ಮತ್ತೆರಡು ವರ್ಷ ಹೆಚ್ಚು ಹಿಡಿಯಿತು. ಪರಕೀಯರ ಆಳಿಕೆಯಿಂದ ಬಿಡುಗಡೆ ಹೊಂದಿದವರು ಬರೆದದ್ದು ನಮ್ಮದು; ತಮ್ಮವನೇ ಆದ ಸರ್ವಾಧಿಕಾರಿಯಿಂದ ಬಿಡುಗಡೆ ಹೊಂದಿದವರು ಬರೆದದ್ದು ಅವರದು.

ಈ ಎರಡನೆಯ ಬಗೆಯ ಅನುಭವವೇ ವಿದ್ಯಾರ್ಥಿಯು ಮೊದಲು ಗಮನಿಸತಕ್ಕದ್ದು. 1848ರಲ್ಲಿ ಸಾರ್ಡಿನಿಯದ ದೊರೆ ಕಾರ್ಲೊ ಆಲ್ಬೆರ್ತೊ ತನ್ನ ಪ್ರಜೆಗಳಿಗೆ ಒಂದು ಸಂವಿಧಾನವನ್ನು ದಯಪಾಲಿಸಿದನು. ಇಟಲಿ 1861ರಲ್ಲಿ ಒಂದಾದಾಗ ಅದೇ ಇಡೀ ದೇಶದ ಮೂಲಶಾಸನವಾಯಿತು. ಅದರಲ್ಲಿ ತಿದ್ದುಪಡಿಯ ವಿಧಾನವನ್ನು ಕುರಿತು ಒಂದಕ್ಷರವೂ ಇರಲಿಲ್ಲ. ಹಾಗಿರಲು ಸಾಧಾರಣ ಕಾಯಿದೆಯಿಂದಲೇ ಅದನ್ನು ಮೀರಬಹುದೆಂಬ ಭಾವನೆ ಬೇರೂರಿತು. 1922ರಲ್ಲಿ ಅರಸನೇ ಮುಸೊಲಿನಿಯನ್ನು ಕರೆದು ಪ್ರಧಾನಿಯ ಪೀಠದಲ್ಲಿ ಕೂಡಿಸಿದನು. 1923ರಲ್ಲಿ, ಅತ್ಯಧಿಕ ಮತ ಪಡೆದ ಪಟ್ಟಿಗೆ ಶೇಕಡಾ 25ರಷ್ಟು ಮತ ದೊರೆತರೆ ಸಾಕು, ಸಭೆಯ ಮೂರರಲ್ಲಿ ಎರಡು ಪಾಲು ಸ್ಥಾನಗಳು ಅದಕ್ಕೇ ಸಲ್ಲತಕ್ಕದ್ದೆಂಬ ಕಾಯಿದೆ ಬಂದಿತು. 1926ರ ಹೊತ್ತಿಗೆ ಉಳಿದ ಪಕ್ಷಗಳು ಇಲ್ಲವಾದವು. 1939ರಲ್ಲಿ ಚುನಾಯಿತ ಸಭೆಯೇ ಮಾಯವಾಯಿತು. ಇಷ್ಟೆಲ್ಲ ನಡೆಯುವಾಗಲೂ ಹಳೆಯ ಸಂವಿಧಾನವನ್ನು ಯಾರೂ ರದ್ದುಪಡಿಸಲಿಲ್ಲ. ರದ್ದುಪಡಿಸುವ ಅಗತ್ಯವೇ ಬೀಳಲಿಲ್ಲ. ಮನೆಯ ಕಂಬಗಳನ್ನು ಒಂದೊಂದಾಗಿ ಕಿತ್ತೊಯ್ದರೂ ಬಾಗಿಲಿನ ಮೇಲಿನ ಹೆಸರಿನ ಫಲಕ ಮಾತ್ರ ಹಾಗೆಯೇ ತೂಗಾಡುತ್ತಿದ್ದಿತು.

ಇದನ್ನು ಕಣ್ಣಾರೆ ಕಂಡವರು 1947ರಲ್ಲಿ ಬರೆಯಲು ಕುಳಿತಾಗ, ಗ್ರಂಥದ ಕೊನೆಯಲ್ಲಿ ಎರಡು ವಿಧಿಗಳನ್ನಿರಿಸಿದರು. 138ನೆಯ ವಿಧಿಯ ಪ್ರಕಾರ ತಿದ್ದುಪಡಿಯನ್ನು ಎರಡೂ ಸದನಗಳು ಎರಡೆರಡು ಸಲ, ನಡುವೆ ಮೂರು ತಿಂಗಳಿಗೆ ಕಡಿಮೆಯಿಲ್ಲದ ಅಂತರವಿಟ್ಟು, ಅಂಗೀಕರಿಸಬೇಕು. ಎರಡನೆಯ ಸಲ ಒಟ್ಟು ಸದಸ್ಯಬಲದ ಬಹುಮತವಿರಬೇಕು. ಆ ಬಹುಮತವು ಎರಡೂ ಸದನಗಳಲ್ಲಿ ಮೂರರಲ್ಲಿ ಎರಡನ್ನು ಮುಟ್ಟದಿದ್ದಲ್ಲಿ, ಒಂದು ಸದನದ ಐದನೆಯ ಒಂದು ಪಾಲು ಸದಸ್ಯರಾಗಲಿ, 5 ಲಕ್ಷ ಮತದಾರರಾಗಲಿ, ಐದು ಪ್ರಾಂತಗಳ ಸಭೆಗಳಾಗಲಿ ಬೇಡಿದರೆ ಪ್ರಶ್ನೆಯು ಜನರ ಮುಂದೆ ಹೋಗತಕ್ಕದ್ದು. 139ನೆಯದು ಒಂದೇ ವಾಕ್ಯ: ಗಣರಾಜ್ಯದ ಸ್ವರೂಪವು ತಿದ್ದುಪಡಿಗೆ ಒಳಪಡತಕ್ಕದ್ದಲ್ಲ. ಅರಸನು ಮರಳಿ ಬರಲಾರ ಎಂಬಷ್ಟೇ ಇದರ ಅರ್ಥವೋ, ಅಥವಾ ಗಣರಾಜ್ಯವೆಂಬ ಒಂದು ಪದದೊಳಗೆ ಇನ್ನೂ ಎಷ್ಟೋ ಸಂಗತಿಗಳು ಅಡಗಿವೆಯೋ?

ಇಲ್ಲಿಗೆ ಬಂದ ನಮ್ಮ ವಿದ್ಯಾರ್ಥಿನಿಗೆ ತಾನು ಇಟಲಿಯಲ್ಲಿದ್ದೇನೆಂಬುದೇ ಮರೆತುಹೋಗಬೇಕು. ಏಕೆಂದರೆ ಮುಂದೆ ಇದೇ ಪ್ರಶ್ನೆಯನ್ನು ಎಬ್ಬಿಸಿದ ಅರ್ಜಿಯೊಡನೆ 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು. ಕೇರಳದ ಭೂಸುಧಾರಣಾ ಶಾಸನದ ವಿರುದ್ಧ ಒಂದು ಕನ್ನಡ ಮಠವು ಹೂಡಿದ ಆ ವ್ಯಾಜ್ಯವನ್ನು 13 ಜನ ನ್ಯಾಯಮೂರ್ತಿಗಳು 68 ದಿನಗಳ ಕಾಲ ಆಲಿಸಿ, 1973ರ ಏಪ್ರಿಲ್ 24ರಂದು, ಏಳು ಜನರ ಬಹುಮತದಿಂದ, ಸಂವಿಧಾನದ ಮೂಲಸ್ವರೂಪವನ್ನು ಕೆಡಿಸುವ ಅಧಿಕಾರವು ಸಂಸತ್ತಿಗಿಲ್ಲವೆಂದು ತೀರ್ಮಾನಿಸಿದರು. ಆ ಏಳು ಜನರಲ್ಲಿ ಕಾರ್ಕಳ ಸೀಮೆಯ ಕೌಡೂರು ಸದಾನಂದ ಹೆಗ್ಡೆಯವರೂ ಇದ್ದರು. ಇನ್ನೊಂದು ತುದಿಯಲ್ಲಿ, ತಿದ್ದುಪಡಿಯ ಅಧಿಕಾರಕ್ಕೆ ಮಿತಿಯಿಲ್ಲವೆಂಬ 1964ರ ಸಜ್ಜನ ಸಿಂಗ್ ತೀರ್ಪಿನ ಬಹುಮತವನ್ನು ಬರೆದ ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡಕರರು ತಾರುಣ್ಯದಲ್ಲಿ ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ವಾದದ ಎರಡು ಪಕ್ಷಗಳಿಗೂ ಕನ್ನಡ ನಾಡಿನ ಸೋಂಕು ತಗಲಿರುವುದನ್ನು ನಮ್ಮ ಕಾಲೇಜುಗಳಲ್ಲಿ ಯಾರೂ ಹೇಳಿಕೊಡುವುದಿಲ್ಲವೆಂಬುದು ನನ್ನದೊಂದು ಚಿಕ್ಕ ತಕರಾರು.

ಈ ವಿಚಾರವು ಭಾರತಕ್ಕೆ ಬಂದ ದಾರಿಯೂ ಯುರೋಪಿನದೇ. 1965ರಲ್ಲಿ ಹೈಡೆಲ್‌ಬರ್ಗಿನ ವಿದ್ವಾಂಸ ಡೀಟ್ರಿಶ್ ಕೊನ್ರಾಡರು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸವೊಂದನ್ನು ಕೊಟ್ಟು, ತಿದ್ದುಪಡಿಯ ವಿಧಾನವನ್ನೇ ಹಿಡಿದು ಸಂವಿಧಾನವನ್ನು ಅಳಿಸಿ ಮೊಗಲ ಬಾದಶಹನನ್ನೋ ಇಂಗ್ಲೆಂಡಿನ ಸಿಂಹಾಸನವನ್ನೋ ಮರಳಿ ತರಬಹುದೇ ಎಂದು ಕೇಳಿದರು. ಮಂಗಳೂರಿನಲ್ಲಿ ವಕೀಲಿ ವೃತ್ತಿಯನ್ನಾರಂಭಿಸಿದ ಎಂ. ಕೆ. ನಂಬಿಯಾರರು ಈ ವಾದಸರಣಿಯನ್ನು 1967ರ ಗೋಲಕನಾಥ ಮೊಕದ್ದಮೆಯಲ್ಲಿ ನ್ಯಾಯಪೀಠದ ಮುಂದಿಟ್ಟರು. ಸ್ವಾರಸ್ಯವಿರುವುದು ಮುಂದಿನ ಸಂಗತಿಯಲ್ಲಿ: ಇಟಲಿಯ ಸಂವಿಧಾನ ನ್ಯಾಯಾಲಯವು 139ನೆಯ ವಿಧಿಯ ಅಕ್ಷರವನ್ನು ದಾಟಿ, ತಿದ್ದಲಾಗದ್ದೆಂದು ಸಂವಿಧಾನದಲ್ಲಿ ಬರೆಯದಿದ್ದರೂ ಅದರ ಜೀವದಂತಿರುವ ಪರಮ ತತ್ತ್ವಗಳು ಕೆಲವಿವೆ, ಅವುಗಳನ್ನು ತಿದ್ದುಪಡಿಯಿಂದಲೂ ಕದಲಿಸಲಾಗದು ಎಂದು ಸಾರಿದ್ದು 1988ರಲ್ಲಿ, 1146ನೆಯ ಸಂಖ್ಯೆಯ ತೀರ್ಪಿನಲ್ಲಿ, ಎಂದರೆ ಎಡನೀರಿನ ತೀರ್ಪಿಗಿಂತ 15 ವರ್ಷಗಳ ತರುವಾಯ. ಬರೆದಿಟ್ಟ ಒಂದು ಮಿತಿಯಿಂದ ಹೊರಟು ಅವರು ಬರೆಯದ ಮಿತಿಗಳನ್ನು ಕಂಡುಕೊಂಡರು. ನಾವು ಏನೊಂದನ್ನೂ ಬರೆದಿಟ್ಟುಕೊಳ್ಳದೆಯೇ ಅಲ್ಲಿಗೆ ತಲುಪಿದೆವು. ನಮ್ಮ ನ್ಯಾಯಮೂರ್ತಿಗಳು ಹೆಚ್ಚು ಧೈರ್ಯಶಾಲಿಗಳೆಂದು ಇದರಿಂದ ಹಿಗ್ಗುವವರು ಹಿಗ್ಗಲಿ; ಹೀಗೆ ಬರೆಯದ ಮಾತನ್ನು ಓದಿ ಹೇಳುವ ಹೊರೆಯು ನ್ಯಾಯಾಲಯದ ಮೇಲೆ ಸದಾ ಉಳಿಯದಿರುವಂತೆ, ಇಟಲಿಯವರು ತಿದ್ದುಪಡಿಯಲ್ಲಿ ಜನರಿಗೂ ಒಂದು ಪಾಲನ್ನಿಟ್ಟರಲ್ಲ, ಅದನ್ನು ನಾನು ಹೆಚ್ಚು ಮೆಚ್ಚುತ್ತೇನೆ. 2006 ಮತ್ತು 2016ರಲ್ಲಿ ಸಂಸತ್ತು ಒಪ್ಪಿದ ದೊಡ್ಡ ತಿದ್ದುಪಡಿಗಳನ್ನು ಅಲ್ಲಿಯ ಮತದಾರರು ತಿರಸ್ಕರಿಸಿದರು. 2020ರಲ್ಲಿ ಚುನಾಯಿತ ಸಂಸತ್ಸದಸ್ಯರ ಸಂಖ್ಯೆಯನ್ನು 945ರಿಂದ 600ಕ್ಕೆ ಇಳಿಸುವ ತಿದ್ದುಪಡಿಯನ್ನು ಸಂತೋಷದಿಂದಲೇ ಒಪ್ಪಿದರು. ಶಾಸಕರ ಸಂಖ್ಯೆಯನ್ನು ಇಳಿಸಬಹುದೇ ಎಂದು ಕೇಳಿದರೆ ಒಲ್ಲೆನೆನ್ನುವ ಮತದಾರನು ಯಾವ ದೇಶದಲ್ಲಿಯೂ ಸಿಕ್ಕಲಾರನೆಂದು ತೋರುತ್ತದೆ.

ಬೈಲಹೊಂಗಲದ ಕಕ್ಷಿದಾರನು ಇದಕ್ಕೆ ರೊಕ್ಕ ಕೊಡಲಾರನೆಂಬುದು ದಿಟ. ಆದ್ದರಿಂದ ಹುಬ್ಬಳ್ಳಿಗೆ ಇನ್ನೂ ಹತ್ತಿರದ ಸಂಗತಿಯೊಂದನ್ನು ಎತ್ತಿಕೊಳ್ಳೋಣ. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರವನ್ನು ಪ್ರತಿನಿಧಿಸಿದ, ಸ್ವತಃ ವಕೀಲರಾಗಿದ್ದ ಎಸ್. ಆರ್. ಬೊಮ್ಮಾಯಿಯವರು 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿಗಳಾದರು. 1989ರ ಏಪ್ರಿಲಿನಲ್ಲಿ ಶಾಸಕರೊಬ್ಬರು, ತಾವೂ ಇನ್ನಿತರ ಶಾಸಕರೂ ಬೆಂಬಲವನ್ನು ಹಿಂತೆಗೆದುಕೊಂಡಿದ್ದೇವೆಂಬ ಪತ್ರಗಳನ್ನು ರಾಜ್ಯಪಾಲರಿಗೆ ತಲುಪಿಸಿದರು. ಅವರಲ್ಲಿ ಏಳು ಜನರು ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿದೆಯೆಂದು ಮರುಪತ್ರ ಬರೆದರು. ಸದನದಲ್ಲಿಯೇ ಬಹುಮತವನ್ನು ತೋರಿಸಲು ಸಿದ್ಧವೆಂದು ಮುಖ್ಯಮಂತ್ರಿಗಳು ಹೇಳಿದರು. ಆದರೂ ಏಪ್ರಿಲ್ 21ರಂದು, 356ನೆಯ ವಿಧಿಯ ಅನ್ವಯ, ಸರಕಾರವು ವಜಾಗೊಂಡಿತು. ಕರ್ನಾಟಕದ ಉಚ್ಚ ನ್ಯಾಯಾಲಯವು ಅರ್ಜಿಯನ್ನು ತಳ್ಳಿಹಾಕಿತು. ಒಂಬತ್ತು ನ್ಯಾಯಮೂರ್ತಿಗಳ ಸರ್ವೋಚ್ಚ ಪೀಠವು 1994ರ ಮಾರ್ಚ್ 11ರಂದು, ಬಹುಮತದ ಪರೀಕ್ಷೆ ನಡೆಯತಕ್ಕದ್ದು ಸದನದಲ್ಲಿಯೇ ಹೊರತು ರಾಜಭವನದಲ್ಲಲ್ಲ, ರಾಷ್ಟ್ರಪತಿಗಳ ಘೋಷಣೆಗೆ ಆಧಾರವಾದ ಸಂಗತಿಗಳನ್ನು ನ್ಯಾಯಾಲಯವು ಪರಿಶೀಲಿಸಬಲ್ಲುದು ಎಂದು ವಿಧಿಸಿತು. ಆ ಹೊತ್ತಿಗೆ ಬೊಮ್ಮಾಯಿಯವರ ಸರಕಾರ ಹೋಗಿ ಐದು ವರ್ಷಗಳಾಗುತ್ತ ಬಂದಿದ್ದಿತು. ತೀರ್ಪು ನಾಡಿಗೆ ದಕ್ಕಿತು, ಅವರಿಗೆ ದಕ್ಕಲಿಲ್ಲ.

ಈ ತೀರ್ಪನ್ನು ಪಕ್ಕದಲ್ಲಿಟ್ಟುಕೊಂಡು ಇಟಲಿಯ 126ನೆಯ ವಿಧಿಯನ್ನು ಓದಬೇಕು. ಪ್ರಾಂತೀಯ ಸಭೆಯನ್ನು ವಿಸರ್ಜಿಸುವ ಅಧಿಕಾರವು ಅಲ್ಲಿಯೂ ಗಣರಾಜ್ಯದ ಅಧ್ಯಕ್ಷರಿಗುಂಟು. ಆದರೆ ಆ ಆಜ್ಞೆಯು ಕಾರಣಗಳನ್ನು ಹೇಳತಕ್ಕದ್ದು. ಸಂವಿಧಾನಕ್ಕೆ ವಿರುದ್ಧವಾದ ಕೃತ್ಯ, ಶಾಸನದ ಘೋರ ಉಲ್ಲಂಘನೆ ಅಥವಾ ರಾಷ್ಟ್ರದ ಭದ್ರತೆ, ಇವೇ ಆ ಕಾರಣಗಳಾಗತಕ್ಕವು. ಅದಕ್ಕೂ ಮುನ್ನ ಪ್ರಾಂತಗಳ ವಿಷಯಕ್ಕೆಂದು ನೇಮಕಗೊಂಡ ಸಂಸತ್ಸದಸ್ಯರ ಸಮಿತಿಯ ಅಭಿಪ್ರಾಯವನ್ನು ಕೇಳತಕ್ಕದ್ದು. ಇನ್ನು 94ನೆಯ ವಿಧಿಯಲ್ಲಿ, ಕೇಂದ್ರ ಸರಕಾರದ ಮೇಲಿನ ಅವಿಶ್ವಾಸದ ಸೂಚನೆಯನ್ನು ಅದು ಮಂಡನೆಯಾದ ಮೂರು ದಿನಗಳೊಳಗೆ ಚರ್ಚೆಗೆ ಎತ್ತಿಕೊಳ್ಳಲಾಗದು, ಮತ್ತು ಪ್ರತಿಯೊಬ್ಬ ಸದಸ್ಯನ ಹೆಸರನ್ನು ಕೂಗಿ ಮತ ಪಡೆಯಬೇಕು. ಮೂರು ದಿನಗಳೆಂದರೆ ಏನು ಮಹಾ ಎನ್ನಿಸಬಹುದು. 1989ರ ಏಪ್ರಿಲಿನಲ್ಲಿ ಪತ್ರಕ್ಕೂ ಮರುಪತ್ರಕ್ಕೂ ನಡುವೆ ಕಳೆದ ಕಾಲ ಎಷ್ಟೆಂಬುದನ್ನು ನೆನೆದರೆ ಆ ಮೂರು ದಿನಗಳ ಬೆಲೆ ತಿಳಿದೀತು. ನಾವು ಒಂದು ಮುಖ್ಯಮಂತ್ರಿಯ ಪದವಿಯನ್ನೂ ಐದು ವರ್ಷಗಳ ವ್ಯಾಜ್ಯವನ್ನೂ ತೆತ್ತು ಕಲಿತ ಪಾಠದ ಒಂದು ಅಂಶವನ್ನು ಅವರು 1948ರಲ್ಲಿಯೇ ಬರೆದಿಟ್ಟುಕೊಂಡಿದ್ದರು. ಹಾಗೆಂದು ಅವರ ಸರಕಾರಗಳು ಗಟ್ಟಿಯಾಗಿ ನಿಂತವೆಂದಲ್ಲ. ಯುದ್ಧಾನಂತರದ ಇಟಲಿಯಲ್ಲಿ ಸರಕಾರಗಳು ಬದಲಾದ ವೇಗವನ್ನು ಕುರಿತ ವಿನೋದಗಳಿಗೆ ಲೆಕ್ಕವಿಲ್ಲ.

ಇನ್ನು ವಕೀಲಿಗೆ ನೇರವಾಗಿ ಒದಗುವ ವಿಷಯ. ಇಟಲಿಯಲ್ಲಿ ನಾಗರಿಕನು ಸಂವಿಧಾನ ನ್ಯಾಯಾಲಯದ ಬಾಗಿಲನ್ನು ತಾನಾಗಿ ತಟ್ಟಲಾರನು; ನಮ್ಮ 32ನೆಯ, 226ನೆಯ ವಿಧಿಗಳಂಥ ಸೌಲಭ್ಯವು ಅವನಿಗಿಲ್ಲ. ಅವನ ಮೊಕದ್ದಮೆಯನ್ನು ನಡೆಸುತ್ತಿರುವ ನ್ಯಾಯಾಧೀಶನು, ಎಷ್ಟೇ ಕೆಳಗಿನವನಾಗಲಿ, ತಾನು ಅನ್ವಯಿಸಬೇಕಾದ ಕಾಯಿದೆಯ ಸಿಂಧುತ್ವದ ಬಗ್ಗೆ ಸಂಶಯ ಹುಟ್ಟಿದರೆ ವಿಚಾರಣೆಯನ್ನು ಅಲ್ಲಿಗೇ ತಡೆದು ಪ್ರಶ್ನೆಯನ್ನು ರೋಮಿಗೆ ಕಳಿಸುತ್ತಾನೆ. ಸಂವಿಧಾನವು ಜಾರಿಗೆ ಬಂದು ಎಂಟು ವರ್ಷಗಳ ತನಕ ಆ ನ್ಯಾಯಾಲಯವೇ ಇರಲಿಲ್ಲ. 1956ರಲ್ಲಿ ಅದು ಕೆಲಸವನ್ನಾರಂಭಿಸಿದಾಗ ಮೊದಲ ತೀರ್ಪಿಗೆ ಬಂದದ್ದು 1931ರ ಫ್ಯಾಸಿಸ್ಟ್ ಪೊಲೀಸು ಕಾಯಿದೆಯ 113ನೆಯ ಕಲಮು: ಕರಪತ್ರ ಹಂಚಲು, ಭಿತ್ತಿಪತ್ರ ಅಂಟಿಸಲು ಪೊಲೀಸರ ಪರವಾನಗಿ ಬೇಕೆಂಬುದು. ಕೆಳಗಿನ ನ್ಯಾಯಾಧೀಶರು ಒಬ್ಬೊಬ್ಬರಾಗಿ ಪ್ರಶ್ನೆಗಳನ್ನು ಕಳಿಸಿದ್ದರು; ವಾದಿಸಿದ ವಕೀಲರಲ್ಲಿ ಸಂವಿಧಾನ ಸಭೆಯ ಸದಸ್ಯರಾಗಿದ್ದ ಪಿಯೆರೊ ಕಲಮಾಂದ್ರೇಯಿ ಇದ್ದರು. ಸಂವಿಧಾನಕ್ಕಿಂತ ಹಳೆಯದಾದ ಕಾಯಿದೆಯನ್ನು ಪ್ರಶ್ನಿಸಲಾಗದೆಂದು ಸರಕಾರವು ವಾದಿಸಿತು. ನ್ಯಾಯಾಲಯವು ಒಪ್ಪದೆ ಆ ಕಲಮನ್ನು ಹೊಡೆದುಹಾಕಿತು. ಸಂವಿಧಾನದ ವಿಧಿಗಳಲ್ಲಿ ಕೆಲವು ಬರಿಯ ಧ್ಯೇಯವಾಕ್ಯಗಳು, ಅವುಗಳನ್ನು ಹಿಡಿದು ಕಾಯಿದೆಯನ್ನು ಅಳೆಯಲಾಗದು ಎಂಬ ವಾದವೂ ಅಂದೇ ಬಿದ್ದುಹೋಯಿತು; ನಮ್ಮ ನಿರ್ದೇಶಕ ತತ್ತ್ವಗಳ ದೀರ್ಘ ಪ್ರಯಾಸವನ್ನು ಬಲ್ಲವರಿಗೆ ಈ ಮಾತಿನ ತೂಕ ಗೊತ್ತು.

ಸಂಖ್ಯೆಯ ಚಮತ್ಕಾರವನ್ನು ನೋಡಿರಿ: ಇಂಥದೇ ಅಧಿಕಾರವನ್ನು ನಮ್ಮ ಕೆಳ ನ್ಯಾಯಾಲಯಗಳಿಗೆ ಕೊಟ್ಟಿರುವುದು ದಿವಾಣಿ ಪ್ರಕ್ರಿಯಾ ಸಂಹಿತೆಯ 113ನೆಯ ಕಲಮು. ತನ್ನ ಮುಂದಿರುವ ದಾವೆಯು ಕಾಯಿದೆಯೊಂದರ ಸಿಂಧುತ್ವವನ್ನು ಅವಲಂಬಿಸಿದೆ, ಆ ಕಾಯಿದೆಯು ಅಸಿಂಧುವೆಂದು ತನಗೆ ತೋರುತ್ತದೆ, ಆದರೆ ಮೇಲಿನ ನ್ಯಾಯಾಲಯಗಳು ಇನ್ನೂ ಹಾಗೆಂದು ಸಾರಿಲ್ಲ ಎಂದಾದಲ್ಲಿ, ಮುನಸಬಿ ನ್ಯಾಯಾಲಯವು ಪ್ರಶ್ನೆಯನ್ನು ಉಚ್ಚ ನ್ಯಾಯಾಲಯಕ್ಕೆ ಕಳಿಸಲೇಬೇಕು. ಇಟಲಿಯ ನ್ಯಾಯಾಧೀಶನಿಗೆ ಬುಡವಿಲ್ಲದ್ದೆಂದು ತಳ್ಳಿಹಾಕಲಾಗದ ಸಂಶಯವೊಂದಿದ್ದರೆ ಸಾಕು. ನಮ್ಮವನಿಗೆ ಅಭಿಪ್ರಾಯವೇ ಬೇಕು. ಈ ಒಂದು ಕೂದಲೆಳೆಯ ಅಂತರದಿಂದ ಅಲ್ಲಿ ಆ ದಾರಿಯು ಹೆದ್ದಾರಿಯಾಯಿತು, ಇಲ್ಲಿ ಹುಲ್ಲು ಬೆಳೆದು ಮುಚ್ಚಿದಂತಾಯಿತು. 2008ರಲ್ಲಿ ಧಾರವಾಡಕ್ಕೆ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಬಂದು 2013ರಲ್ಲಿ ಅದು ಖಾಯಂ ಆದ ಮೇಲಂತೂ ಬೈಲಹೊಂಗಲದಿಂದ ಪ್ರಶ್ನೆಯನ್ನು ಕಳಿಸಬೇಕಾದ ದೂರವು ಕೆಲವು ಹರದಾರಿ ಮಾತ್ರ. ನಮ್ಮ ಹುಡುಗಿಗೆ ಕಕ್ಷಿದಾರನು ರೊಕ್ಕ ಕೊಡಬಹುದಾದದ್ದು ಈ ಕಲಮಿಗೆ. ಇಟಲಿಯನ್ನು ಓದದೆ ಇದರ ಮೇಲೆ ಅವಳ ಕಣ್ಣು ಬೀಳುತ್ತಿರಲಿಲ್ಲ.

ಎಡನೀರಿನ ಹೆಸರು ಬಂದ ಮೇಲೆ ಭಾಷೆಯ ಮಾತನ್ನು ಬಿಟ್ಟು ಮುಂದುವರಿಯಲಾಗದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷದ ಏಳನೆಯ ತಿದ್ದುಪಡಿಯು ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ 350ಎ ವಿಧಿಯನ್ನು ತಂದಿತು. ಇಟಲಿಯ 6ನೆಯ ವಿಧಿಯು ಭಾಷಾ ಅಲ್ಪಸಂಖ್ಯಾತರನ್ನು ಗಣರಾಜ್ಯವು ಕಾಪಾಡತಕ್ಕದ್ದೆಂದು ಒಂದೇ ಸಾಲಿನಲ್ಲಿ ಹೇಳುತ್ತದೆ. ಜರ್ಮನ್ ಮಾತಾಡುವ ಬೊಲ್ಜಾನೊ ಪ್ರಾಂತದಲ್ಲಿ ಆ ಸಾಲು 1972ರ ಸ್ವಾಯತ್ತತೆಯ ಶಾಸನವಾಗಿ ಬೆಳೆದು, ಕಚೇರಿಯಲ್ಲಿ, ನ್ಯಾಯಾಲಯದಲ್ಲಿ ಜರ್ಮನ್, ಇಟಾಲಿಯನ್ ಎರಡೂ ಭಾಷೆಗಳಿಗೆ ಸರಿಸಮಾನ ಸ್ಥಾನವನ್ನೂ, ನೌಕರಿಯ ಹಂಚಿಕೆಯಲ್ಲಿ ಭಾಷಾವರ್ಗಗಳಿಗೆ ಅವುಗಳ ಪ್ರಮಾಣಕ್ಕೆ ತಕ್ಕ ಪಾಲನ್ನೂ ಕೊಟ್ಟಿತು. ಎರಡು ಗಡಿಗಳ ಇತಿಹಾಸ ಬೇರೆ, ನೋವು ಬೇರೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬಾರದು.

ಇಟಲಿಯ ವಿದ್ಯಾರ್ಥಿಗಳು ಈ ಶಾಸ್ತ್ರವನ್ನು ಕಲಿಯುವ ರೀತಿಯನ್ನೂ ಒಂದಿಷ್ಟು ಹೇಳಬೇಕು. ಅಲ್ಲಿ ಕಾನೂನಿನ ಪದವಿಗೆ ಐದು ವರ್ಷ. ಸಂವಿಧಾನ ಶಾಸ್ತ್ರವು ವಾಡಿಕೆಯಾಗಿ ಮೊದಲ ವರ್ಷದ ಪಾಠ. ಪರೀಕ್ಷೆಯು ಬಹುಮಟ್ಟಿಗೆ ಮೌಖಿಕ: ದಪ್ಪ ಗ್ರಂಥವೊಂದನ್ನು ತಿಂಗಳುಗಟ್ಟಲೆ ಓದಿ, ಸಹಪಾಠಿಗಳ ಎದುರಿನಲ್ಲಿಯೇ, ಅಧ್ಯಾಪಕರ ಮೇಜಿನ ಮುಂದೆ ಕುಳಿತು ಪ್ರಶ್ನೆಗಳಿಗೆ ಉತ್ತರಿಸಬೇಕು. 30 ಅಂಕಗಳಿಗೆ 18 ಬಂದರೆ ತೇರ್ಗಡೆ. ಕೊಟ್ಟ ಅಂಕವು ರುಚಿಸದಿದ್ದರೆ ‘ಒಲ್ಲೆ’ನೆಂದು ಎದ್ದುಬಂದು ಮುಂದಿನ ಸಲ ಮತ್ತೆ ಕೂಡುವ ಅವಕಾಶವೂ ಉಂಟು. ನಮ್ಮ ಮಠಗಳ ವಾಕ್ಯಾರ್ಥ ಸಭೆಗಳನ್ನು ಕಂಡವರಿಗೆ ಇದು ಅಪರಿಚಿತವೆನ್ನಿಸದು. 1962ರಲ್ಲಿ ಧಾರವಾಡದಲ್ಲಿ ವಿಶ್ವವಿದ್ಯಾಲಯದ ಕಾನೂನು ಕಾಲೇಜು ಆರಂಭವಾಯಿತು. 2009ರಲ್ಲಿ ನವನಗರದಲ್ಲಿ ನಾಡಿನ ಕಾನೂನು ಕಾಲೇಜುಗಳಿಗೆಲ್ಲ ಒಂದೇ ವಿಶ್ವವಿದ್ಯಾಲಯವಾಯಿತು. ಇಷ್ಟಾಗಿಯೂ, ನ್ಯಾಯಾಲಯದಲ್ಲಿ ಜೀವನವಿಡೀ ಮಾತಿನಿಂದಲೇ ಬದುಕಬೇಕಾದವರನ್ನು ಮೂರು ಗಂಟೆಗಳ ಮೌನ ಬರವಣಿಗೆಯಿಂದ ಅಳೆಯುವ ಪದ್ಧತಿಯೇ ನಮ್ಮಲ್ಲಿ ಪ್ರಧಾನವಾಗಿರುವುದು ವಿಪರೀತವೆಂದು ನನ್ನ ಮತ.

ಕಡೆಯದಾಗಿ ನಮ್ಮ ಕಾನೂನು ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. 139 ವಿಧಿಗಳೆಂದರೆ ಒಂದು ಬೇಸಗೆ ರಜೆಯ ಕೆಲಸ. ಇವುಗಳನ್ನು ನೀವೇ ಕನ್ನಡಕ್ಕೆ ತರಲು ತೊಡಗಿರಿ. ಮೊದಲ ವಿಧಿಯಲ್ಲಿಯೇ ನಿಮ್ಮ ಪರೀಕ್ಷೆ ಕಾದಿದೆ. ಇಟಲಿಯು ‘ಲವೋರೊ’ದ ಮೇಲೆ ನೆಲೆನಿಂತ ಪ್ರಜಾಸತ್ತಾತ್ಮಕ ಗಣರಾಜ್ಯವೆಂದು ಅದು ಹೇಳುತ್ತದೆ. ‘ಕಾರ್ಮಿಕರ ಗಣರಾಜ್ಯ’ವೆನ್ನಬೇಕೆಂದು ಕಮ್ಯುನಿಸ್ಟ್ ನಾಯಕ ತೊಲ್ಯಾತ್ತಿ ಕೇಳಿದಾಗ, ಅದು ಒಂದು ವರ್ಗಕ್ಕೆ ಮೀಸಲಾದೀತೆಂದು ಸಭೆಯು ಹಿಂಜರಿಯಿತು; ಎಲ್ಲರೂ ಒಪ್ಪುವ ಈಗಿನ ಮಾತನ್ನು ಇನ್ನೊಬ್ಬ ಸದಸ್ಯರಾದ ಫನ್‌ಫಾನಿ ಸೂಚಿಸಿದರು. ಅದನ್ನು ಕನ್ನಡದಲ್ಲಿ ಏನೆನ್ನೋಣ? ‘ಕೆಲಸ’ವೆಂದರೆ ತೆಳುವಾಯಿತು, ‘ಶ್ರಮ’ವೆಂದರೆ ದಣಿವಷ್ಟೇ ಕೇಳಿಸಿತು. ಈ ನೆಲದವರ ನಾಲಗೆಗೆ ತಟ್ಟನೆ ಬರುವುದು ‘ಕಾಯಕ’. ಆದರೆ ಅದರಲ್ಲಿ ಶಿವನಿಗೆ ಸಲ್ಲುವ ಪಾಲೊಂದಿದೆ, ಅದು ಆ ವಿಧಿಯ ಮಾತಲ್ಲ. ನಮ್ಮ ಹುಡುಗಿ ತನ್ನ ಪ್ರಬಂಧದಲ್ಲಿ ‘ಕಾಯಕ’ವನ್ನೇ ಬರೆದಳು. ನಾನಾದರೆ ‘ದುಡಿಮೆ’ ಎಂದು ಬರೆಯುತ್ತಿದ್ದೆ.